ಹಳೇ ಲಾರಿ ಎಳೆಯುತ್ತಿಲ್ಲವೇ? ಡೀಸೆಲ್ ಸಾಲದ ತೊಂದರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಲೋಡ್ ಹಾಕಿ ಶಿರಾಡಿ ಹತ್ತಿಸಿದರೆ ಮಾತ್ರ ಸುಸ್ತು. ಮೂರನೇ ಗೇರಿನಲ್ಲಿ ಏರುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕು, ಹಿಂದಿನವರ ಹಾರ್ನ್ ಕೇಳಬೇಕು. ಡೀಸೆಲ್ ಪಂಪ್ ಬಿಚ್ಚಿಸಿ ಅಂತ ಒಬ್ಬರು ಹೇಳುತ್ತಾರೆ, ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಬಾಯಿ) ಹೋಗಿದೆ ಅಂತ ಇನ್ನೊಬ್ಬರು. ಎರಡೂ ದೊಡ್ಡ ಖರ್ಚು. ಆ ಖರ್ಚಿಗೆ ಕೈ ಹಾಕುವ ಮುಂಚೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು ಪೂರ್ತಿ ಪರೀಕ್ಷೆ ಮಾಡಿ ಮುಗಿಸಿ ಅನ್ನುವುದೇ ಇಲ್ಲಿನ ಮಾತು.

ಇದು ಯಾವ ಗಾಡಿಗಳಿಗೆ ಹೊಂದುತ್ತದೆ?

ಇನ್‌ಲೈನ್ ಪಂಪ್ ಇರುವ ಹಳೇ ಲಾರಿಗಳಿಗೆ. ಅದರಲ್ಲಿ ಸಿಲಿಂಡರಿಗೊಂದರಂತೆ ಪ್ಲಂಜರ್, ಅಂದರೆ ಡೀಸೆಲ್ ಒತ್ತಿ ಕಳಿಸುವ ಕಡ್ಡಿ, ಸಾಲಾಗಿ ಇರುತ್ತದೆ. 697 ಇಂಜಿನ್ನಿನ ಟಾಟಾ ಗಾಡಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆರು ಸಿಲಿಂಡರ್, 97 ಮಿ.ಮೀ. ಬೋರ್, 5675 ಸಿಸಿ, ಪಕ್ಕದಲ್ಲಿ ಮೈಕೊ ಪಂಪ್. ಹಳೇ ಲೇಲ್ಯಾಂಡ್ ಗಾಡಿಗಳಲ್ಲೂ ದಾರಿ ಹೆಚ್ಚು ಕಡಿಮೆ ಇದೇ. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಲ್ಲಿ ಭಾರಿ ಪ್ರೆಷರ್ ತುಂಬಿಟ್ಟಿರುವ ಕಾಮನ್ ರೈಲ್ ಗಾಡಿಗೆ ಮಾತ್ರ ಇದನ್ನು ಪ್ರಯೋಗ ಮಾಡಬೇಡಿ. ಅದರಲ್ಲಿ ಇಂಜಿನ್ ಓಡುತ್ತಿರುವಾಗ ನಾಜಲ್ ಪೈಪಿನ ನಟ್ ಸಡಿಲ ಮಾಡಿದರೆ ಜೀವಕ್ಕೇ ಅಪಾಯ.

ಮೈಕೊ ಅಂದರೆ ಮೋಟರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾದದ್ದು, ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿ. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಆದರೂ ಗ್ಯಾರೇಜಿನಲ್ಲಿ ಇವತ್ತಿಗೂ ಅದು ಮೈಕೊ ಪಂಪೇ.

ಪವರ್ ಇಲ್ಲ ಅಂದರೆ ಡೀಸೆಲ್ಲೇ ಸಾಲುತ್ತಿಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಹೊಗೆ ನೋಡಿ. ಲೋಡ್ ಇರುವ ಗಾಡಿಯನ್ನು ಏರಿನಲ್ಲಿ ಪೂರ್ತಿ ಅಕ್ಸಿಲರೇಟರ್ ಒತ್ತಿ ಓಡಿಸಿ. ಕ್ಲೀನರ್ ಅಥವಾ ಹಿಂದಿನ ಗಾಡಿಯವರು ಸೈಲೆನ್ಸರ್ ಮೇಲೆ ಕಣ್ಣಿಟ್ಟಿರಲಿ.

ಪವರ್ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ. ಹಳೇ ಇಂಜಿನ್ ಪೂರ್ತಿ ಲೋಡಿನಲ್ಲಿ ಸ್ವಲ್ಪವಾದರೂ ಕಪ್ಪು ಹೊಗೆ ಬಿಡಲೇಬೇಕು. ತೀರಾ ಶುಭ್ರವಾಗಿ ಓಡುತ್ತಿದೆ ಅಂತ ಖುಷಿಪಡುವ ಹಾಗಿಲ್ಲ.

ಪವರ್ ಇಲ್ಲ, ಕಪ್ಪು ಹೊಗೆ ದಂಡಿಯಾಗಿ ಬರುತ್ತಿದೆ ಅಂದರೆ ಡೀಸೆಲ್ ಬರುತ್ತಿದೆ, ಉರಿಯಲು ಗಾಳಿ ಸಾಲುತ್ತಿಲ್ಲ. ಅಥವಾ ನಾಜಲ್ ಸರಿಯಾಗಿ ಚಿಮುಕಿಸುತ್ತಿಲ್ಲ. ಏರ್ ಫಿಲ್ಟರ್ ಮೊದಲು ನೋಡಿ. ಹೊಸಪೇಟೆ, ಸಂಡೂರು ಕಡೆ ಅದಿರು ಹೊಡೆದ ಗಾಡಿಯಾದರೆ ಎರಡು ಸಲ ನೋಡಿ. ಆ ಕೆಂಪು ಧೂಳು ಆಯಿಲ್ ಬಾತ್ ಫಿಲ್ಟರಿನ ಬಟ್ಟಲಲ್ಲಿ ಗಟ್ಟಿ ಕೆಸರಾಗಿ ಕೂತಿರುತ್ತದೆ.

ಬಿಳಿ ಹೊಗೆ ಅಂದರೆ ಡೀಸೆಲ್ ಒಳಗೆ ಹೋಗಿಯೂ ಉರಿದಿಲ್ಲ. ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಹಿಂದೆ ಸರಿದಿರಬಹುದು, ಕಂಪ್ರೆಷನ್ ಬಿದ್ದಿರಬಹುದು. ನೀಲಿ ಹೊಗೆಗೆ ಕಾರಣ ಇಂಜಿನ್ ಆಯಿಲ್, ಅದು ಬೇರೆಯೇ ಕಥೆ.

ಇಂಜಿನ್ನಿಗೆ ಕೈ ಹಾಕುವ ಮುಂಚೆ ಏನೇನು ನೋಡಬೇಕು?

ಒಬ್ಬರು ಒಳಗೆ ಕೂತು ಅಕ್ಸಿಲರೇಟರನ್ನು ಪೂರ್ತಿ ಒತ್ತಲಿ. ನೀವು ಪಂಪಿನ ಹತ್ತಿರ ನಿಂತು ನೋಡಿ. ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂವಿಗೆ ತಾಗಿತೇ? ತಾಗಲಿಲ್ಲ ಅಂದರೆ ಕೈಯಲ್ಲಿ ಮುಂದಕ್ಕೆ ತಳ್ಳಿ ನೋಡಿ. ಇನ್ನೂ ಹೋಗುತ್ತದೆ ಅಂದರೆ ತೊಂದರೆ ಅಲ್ಲೇ ಸಿಕ್ಕಿತು. ಲಿಂಕಿನ ಬುಷ್ ಸವೆದಿದೆ, ಇಲ್ಲವೇ ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡಿದೆ.

ಆಮೇಲೆ ಸ್ಟಾಪರ್ ಕೇಬಲ್. ಇಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗದಿದ್ದರೆ ಪಂಪಿನ ರ‍್ಯಾಕ್ ಅರ್ಧದಲ್ಲೇ ನಿಲ್ಲುತ್ತದೆ, ಎಷ್ಟು ಡೀಸೆಲ್ ಹೋಗಬೇಕು ಅಂತ ಅಳೆಯುವ ಕಡ್ಡಿ ಅದು. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಎಳೆಯುವುದಿಲ್ಲ. ಪಂಪಿನ ಕಡೆಯಿಂದ ಕೇಬಲ್ ಬಿಚ್ಚಿ ಒಂದು ಸುತ್ತು ಓಡಿಸಿ ಬಂದರೆ ಗೊತ್ತಾಗುತ್ತದೆ. ನಿಲ್ಲಿಸುವಾಗ ಲಿವರನ್ನು ಕೈಯಲ್ಲಿ ಎಳೆದರಾಯಿತು.

ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಾದರೆ ಅದರ ಚಿಟ್ಟೆ (ಹೊಗೆ ಪೈಪನ್ನು ಮುಚ್ಚಿ ತೆರೆಯುವ ತಟ್ಟೆ) ಪೂರ್ತಿ ತೆರೆದುಕೊಳ್ಳುತ್ತಿದೆಯೇ ನೋಡಿ. ಮಸಿ ಹಿಡಿದು ಅರ್ಧಕ್ಕೆ ಸಿಕ್ಕಿಕೊಂಡರೆ ಹೊಗೆ ಹೊರಗೆ ಹೋಗಲು ಒದ್ದಾಡುತ್ತದೆ, ಇಂಜಿನ್ ಬಿಸಿಯಾಗುತ್ತದೆ.

ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ಕಡೆ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ. ಇಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಇದಕ್ಕೆಲ್ಲ ಪಂಪನ್ನು ಬೈದು ಏನು ಪ್ರಯೋಜನ?

ಡೀಸೆಲ್ ಯಾವ ದಾರಿಯಲ್ಲಿ ಹೋಗುತ್ತದೆ?

ಟ್ಯಾಂಕಿನ ಒಳಗಿನ ಪೈಪಿನಿಂದ ಹೊರಟು, ಚಾಸಿ ಪಕ್ಕದ ಲೈನಿನಲ್ಲಿ ಬಂದು, ಪಂಪಿನ ಹೊಟ್ಟೆಗೆ ಕಚ್ಚಿಕೊಂಡಿರುವ ಫೀಡ್ ಪಂಪಿಗೆ ಬರುತ್ತದೆ. ಇಲ್ಲಿಯವರೆಗೆ ಎಳೆತ. ಫೀಡ್ ಪಂಪ್ ಅದನ್ನು ಎರಡು ಫಿಲ್ಟರಿಗೆ ತಳ್ಳುತ್ತದೆ, ಅಲ್ಲಿಂದ ದೊಡ್ಡ ಪಂಪಿನ ಗ್ಯಾಲರಿಗೆ, ಅಂದರೆ ಪ್ಲಂಜರುಗಳಿಗೆ ಡೀಸೆಲ್ ಒದಗಿಸುವ ಒಳಗಿನ ಜಾಗಕ್ಕೆ. ಗ್ಯಾಲರಿಯಲ್ಲಿ ಸುಮಾರು 1ರಿಂದ 1.5 ಬಾರ್ ಪ್ರೆಷರ್ ನಿಂತಿರಬೇಕು. ಹೆಚ್ಚಾದದ್ದು ಓವರ್‌ಫ್ಲೋ ವಾಲ್ವ್ ದಾಟಿ ಟ್ಯಾಂಕಿಗೆ ವಾಪಸ್. ಗ್ಯಾಲರಿಯಿಂದ ಪ್ಲಂಜರ್, ಡೆಲಿವರಿ ವಾಲ್ವ್, ಹೈ ಪ್ರೆಷರ್ ಪೈಪ್, ನಾಜಲ್. ನಾಜಲ್ ತೆರೆಯುವುದು ಸುಮಾರು 200 ಬಾರ್ ಆಸುಪಾಸಿನಲ್ಲಿ.

ಹಾಗಾಗಿ ಎಳೆತದ ಭಾಗ, ತಳ್ಳುವ ಭಾಗ, ಹೈ ಪ್ರೆಷರ್ ಭಾಗ ಅಂತ ಮೂರು. ಒಂದೊಂದರ ತೊಂದರೆ ಒಂದೊಂದು ಥರ. ಮೊದಲೆರಡು ಭಾಗಗಳಿಗೆ ಸ್ಪ್ಯಾನರ್ ಸೆಟ್, ನಾಲ್ಕು ತಾಮ್ರದ ವಾಶರ್, ಒಂದು ಪಾರದರ್ಶಕ ಪೈಪ್ ಸಾಕು. ಮೂರನೆಯದಕ್ಕೆ ಟೆಸ್ಟ್ ಬೆಂಚ್ ಇರುವ ಅಂಗಡಿ ಬೇಕು.

ಸ್ಟಾರ್ಟ್ ಮಾಡಿ ಹೊರಟಾಗ ಚೆನ್ನಾಗಿರುತ್ತದೆ, ಸ್ವಲ್ಪ ದೂರ ಹೋದ ಮೇಲೆ ಸುಸ್ತಾಗುತ್ತದೆ. ನಿಲ್ಲಿಸಿ ಚಾ ಕುಡಿದು ಬಂದರೆ ಮತ್ತೆ ಸರಿ. ಯಾಕೆ?

ಟ್ಯಾಂಕ್ ನೋಡಿ. ಎರಡೇ ಕಾರಣ.

ಒಂದು, ಕ್ಯಾಪಿನ ಗಾಳಿ ತೂತು ಮುಚ್ಚಿದೆ. ಡೀಸೆಲ್ ಹೊರಟಷ್ಟು ಗಾಳಿ ಒಳಗೆ ಬರಬೇಕು ಅಲ್ವಾ? ಬರದಿದ್ದರೆ ಒಳಗೆ ವ್ಯಾಕ್ಯೂಮ್ ಆಗಿ ಫೀಡ್ ಪಂಪಿಗೆ ಎಳೆಯಲು ಆಗುವುದಿಲ್ಲ. ಗಾಡಿ ಸುಸ್ತಾದಾಗ ಪಕ್ಕಕ್ಕೆ ನಿಲ್ಲಿಸಿ ಕ್ಯಾಪ್ ಬಿಚ್ಚಿ. ಸುಯ್ ಅಂತ ಗಾಳಿ ಒಳಗೆ ನುಗ್ಗಿದರೆ ಇದೇ. ಮಳೆ ನೀರು ಹೋಗದಿರಲಿ ಅಂತ ಪ್ಲಾಸ್ಟಿಕ್ ಕವರ್ ಸುತ್ತಿ ಕ್ಯಾಪ್ ಹಾಕುವ ಅಭ್ಯಾಸ ಕೆಲವರಿಗಿದೆ. ಅದೂ ಇದೇ ಕೆಲಸ ಮಾಡುತ್ತದೆ.

ಎರಡು, ಟ್ಯಾಂಕಿನೊಳಗೆ ಕಸ. ಎಲೆ, ಬಟ್ಟೆ ಚೂರು, ತುಕ್ಕಿನ ಸಿಪ್ಪೆ ಎಳೆತಕ್ಕೆ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತದೆ. ಇಂಜಿನ್ ನಿಲ್ಲಿಸಿದರೆ ಕಳಚಿ ಕೆಳಗೆ ಬೀಳುತ್ತದೆ. ಫೀಡ್ ಪಂಪ್ ಕಡೆ ಲೈನ್ ಬಿಚ್ಚಿ, ಟ್ಯಾಂಕ್ ಕ್ಯಾಪ್ ತೆಗೆದಿಟ್ಟು, ಗಾಳಿ ಹೊಡೆದರೆ ಗಾಡಿ ಸರಿಯಾಗುತ್ತದೆ. ಆದರೆ ಕಸ ಎಲ್ಲಿಗೆ ಹೋಯಿತು? ಅಲ್ಲೇ ಟ್ಯಾಂಕಿನಲ್ಲಿದೆ. ನಾಳೆ ಮತ್ತೆ ಬರುತ್ತದೆ. ಟ್ಯಾಂಕ್ ಇಳಿಸಿ ತೊಳೆಯುವುದೊಂದೇ ದಾರಿ.

ತೊಳೆದಾಗ ಕಪ್ಪು ಲೋಳೆ ಸಿಕ್ಕರೆ ಗಾಬರಿ ಬೇಡ. ತಳದಲ್ಲಿ ನೀರು ನಿಂತರೆ ನೀರಿಗೂ ಡೀಸೆಲಿಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಅದೇ ಲೋಳೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದು ಜಾಸ್ತಿ.

ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿದಾಗ ಮಾತ್ರ ತೊಂದರೆ. ಫುಲ್ ಇದ್ದರೆ ಸರಿ.

ಟ್ಯಾಂಕಿನೊಳಗಿನ ಪೈಪ್ ನಡುವೆ ಸೀಳಿದೆ. ಡೀಸೆಲ್ ಮಟ್ಟ ಸೀಳಿಗಿಂತ ಕೆಳಗಿಳಿದ ಕೂಡಲೇ ಗಾಳಿ ಎಳೆಯುತ್ತದೆ. ಪೈಪ್ ಹೊರಗೆ ತೆಗೆದು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಕ್ಯಾನ್ ಟೆಸ್ಟ್ ಅಂದರೇನು? ಹೇಗೆ ಮಾಡುವುದು?

ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಒಂದು ಶುಭ್ರ ಕ್ಯಾನಿನಲ್ಲಿ ಹತ್ತು ಲೀಟರ್ ಒಳ್ಳೆಯ ಡೀಸೆಲ್ ತಗೊಳ್ಳಿ. ಫೀಡ್ ಪಂಪಿಗೆ ಬರುವ ಟ್ಯಾಂಕ್ ಲೈನ್ ಬಿಚ್ಚಿ ಅದರ ಬಾಯಿ ಮುಚ್ಚಿ. ಆ ಜಾಗಕ್ಕೆ ಹೊಸ ಪೈಪ್ ಹಾಕಿ ಕ್ಲಿಪ್ ಬಿಗಿದು ಇನ್ನೊಂದು ತುದಿಯನ್ನು ಕ್ಯಾನಿನ ತಳಕ್ಕೆ ಇಳಿಸಿ. ಕ್ಯಾನನ್ನು ಸೈಲೆನ್ಸರ್ ಪೈಪಿಗೆ ದೂರ, ಅಲುಗಾಡದ ಹಾಗೆ ಕಟ್ಟಿ. ಲೈನಿನೊಳಗಿನ ಏರ್ ತೆಗೆದು (ಕ್ರಮ ಮುಂದೆ ಇದೆ) ಸ್ಟಾರ್ಟ್ ಮಾಡಿ, ಲೋಡಿನ ಸಮೇತ ಏರು ಹತ್ತಿಸಿ. ರಿಟರ್ನ್ ಲೈನ್ ಗಾಡಿಯ ಟ್ಯಾಂಕಿಗೇ ಹೋಗುತ್ತಿರುತ್ತದೆ, ಹಾಗಾಗಿ ಕ್ಯಾನ್ ಎಣಿಸಿದ್ದಕ್ಕಿಂತ ಬೇಗ ಖಾಲಿಯಾಗುತ್ತದೆ. ಹತ್ತಿರದ ಏರು ಆರಿಸಿಕೊಳ್ಳಿ.

ಕ್ಯಾನ್ ಇಡುವ ಎತ್ತರ ಮುಖ್ಯ. ಮೊದಲು ಗಾಡಿಯ ಟ್ಯಾಂಕ್ ಇರುವ ಎತ್ತರದಲ್ಲೇ ಇಡಿ. ಪವರ್ ಬಂತು ಅಂದರೆ ಟ್ಯಾಂಕ್ ಅಥವಾ ಲೈನ್ ತೊಂದರೆ, ಫೀಡ್ ಪಂಪ್ ನಿರಪರಾಧಿ. ಬರಲಿಲ್ಲ ಅಂದರೆ ಕ್ಯಾನನ್ನು ಫೀಡ್ ಪಂಪಿಗಿಂತ ಸಾಕಷ್ಟು ಮೇಲೆ ಕಟ್ಟಿ ಮತ್ತೆ ಓಡಿಸಿ. ಈಗ ಡೀಸೆಲ್ ತಾನಾಗಿ ಕೆಳಗೆ ಹರಿದು ಬರುತ್ತದೆ. ಪವರ್ ಸುಧಾರಿಸಿದರೆ ಫೀಡ್ ಪಂಪಿಗೆ ಎಳೆಯುವ ಶಕ್ತಿ ಹೋಗಿದೆ. ಬಹಳ ಜನ ಮೊದಲೇ ಕ್ಯಾನನ್ನು ಮೇಲೆ ಕಟ್ಟಿಬಿಡುತ್ತಾರೆ. ಆಗ ಸೊರಗಿದ ಫೀಡ್ ಪಂಪೂ ಸರಿಯಿದ್ದ ಹಾಗೆ ಕಾಣುತ್ತದೆ, ಟ್ಯಾಂಕ್ ಮೇಲೆ ಸುಮ್ನೆ ಅನುಮಾನ ಬರುತ್ತದೆ.

ಎಲ್ಲೂ ಡೀಸೆಲ್ ಸೋರುತ್ತಿಲ್ಲ. ಆದರೂ ಏರ್ ಲಾಕ್ ಆಗುತ್ತಲೇ ಇದೆ. ಗಾಳಿ ಎಲ್ಲಿಂದ ಬರುತ್ತಿದೆ?

ಎಳೆತದ ಭಾಗದಲ್ಲಿ ಸೀಳು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಸ್ಟ್ರಾದಿಂದ ಒಂದು ಹನಿಯೂ ಹೊರಗೆ ಬೀಳಲಿಲ್ಲ, ಬಾಯಿಗೂ ನೀರು ಬರಲಿಲ್ಲ.

ನೋಡಬೇಕಾದ ಜಾಗಗಳು: ಚಾಸಿಗೆ ಉಜ್ಜಿ ಸವೆದ ಪೈಪ್, ಬಿಸಿಲಿಗೆ ಗಟ್ಟಿಯಾದ ರಬ್ಬರ್ ಹೋಸ್, ಸಾವಿರ ಸಲ ಬಿಗಿದು ಚಪ್ಪಟೆಯಾದ ತಾಮ್ರದ ವಾಶರ್, ಫೀಡ್ ಪಂಪಿನ ಸಣ್ಣ ಬಟ್ಟಲಿನ ಗ್ಯಾಸ್ಕೆಟ್, ಮತ್ತೆ ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರ್. ಪ್ರೈಮರಿನ ಗುಬುಟು ಒತ್ತಿ ಕೂರಿಸಿ ತಿರುಗಿಸಿ ಬಿಗಿಯದಿದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ.

ಸುಲಭ ಪರೀಕ್ಷೆ ಅಂದರೆ ಫಿಲ್ಟರಿನಿಂದ ದೊಡ್ಡ ಪಂಪಿಗೆ ಹೋಗುವ ಲೈನ್ ತೆಗೆದು ಅಷ್ಟೇ ಉದ್ದದ, ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಹಾಕುವುದು. ಏರ್ ತೆಗೆದು ಓಡಿಸಿ. ಮೊದಲ ಒಂದೆರಡು ನಿಮಿಷ ಸಣ್ಣ ಗುಳ್ಳೆ ಬಂದು ನಿಂತರೆ ಪರವಾಗಿಲ್ಲ, ಒಳಗೆ ಉಳಿದಿದ್ದ ಗಾಳಿ ಅದು. ಆಮೇಲೂ ಸಾಲಾಗಿ ಬರುತ್ತಿದ್ದರೆ, ಅದರಲ್ಲೂ ಇಂಜಿನ್ ಏರಿಸಿದಾಗ ಜಾಸ್ತಿಯಾದರೆ, ಎಳೆತದ ಭಾಗದಲ್ಲಿ ತೂತು ಇದೆ. ಒಂದೊಂದೇ ಜಾಯಿಂಟಿಗೆ ಗ್ರೀಸ್ ದಪ್ಪವಾಗಿ ಮೆತ್ತುತ್ತಾ ಬನ್ನಿ. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಂತಿತೋ ಅದೇ ಕಳ್ಳ.

ವಾಶರ್ ವಿಷಯ ಒಂದು ಮಾತು. ಹಳೆಯದನ್ನು ತಿರುವಿ ಹಾಕಿ ಇನ್ನೂ ಬಿಗಿ ಮಾಡಿದರೆ ಬೋಲ್ಟ್ ಹೋಗುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಹೊಸ ವಾಶರಿಗೆ ಎಷ್ಟು ಮಹಾ ಖರ್ಚು?

ಏರ್ ತೆಗೆಯುವ ಸರಿಯಾದ ಕ್ರಮ ಯಾವುದು?

ಟ್ಯಾಂಕಿನ ಕಡೆಯಿಂದ ನಾಜಲ್ ಕಡೆಗೆ. ಪ್ರೈಮರ್ ಬಿಚ್ಚಿ ಕೈಯಲ್ಲಿ ಹೊಡೆಯಿರಿ. ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬಂದ ಮೇಲೆ ಬಿಗಿಯಿರಿ. ಆಮೇಲೆ ಎರಡನೇ ಫಿಲ್ಟರ್. ಆಮೇಲೆ ಪಂಪಿನ ಗ್ಯಾಲರಿ ಸ್ಕ್ರೂ. ಮೊದಮೊದಲು ಪ್ರೈಮರ್ ಹಗುರಾಗಿ ಹೋಗುತ್ತಿರುತ್ತದೆ, ಗಾಳಿ ಹೋದಂತೆ ಹೆಬ್ಬೆರಳಿಗೆ ಗಟ್ಟಿಯಾಗಿ ತಡೆಯುತ್ತದೆ. ಎಷ್ಟು ಹೊಡೆದರೂ ಗಟ್ಟಿಯಾಗಲಿಲ್ಲ ಅಂದರೆ ಫೀಡ್ ಪಂಪಿನ ವಾಲ್ವಿನಲ್ಲಿ ಕಸ ಸಿಕ್ಕಿದೆ, ಇಲ್ಲವೇ ಲೈನ್ ಗಾಳಿ ಎಳೆಯುತ್ತಿದೆ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ನಾಜಲ್ ಕಡೆಯ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಬಂದ ಮೇಲೆ ಬಿಗಿಯಿರಿ. ಕೊನೆಗೆ ಪ್ರೈಮರ್ ಕೂರಿಸಿ ಬಿಗಿಯುವುದನ್ನು ಮರೆಯಬೇಡಿ.

ಫಿಲ್ಟರ್ ಮೊನ್ನೆ ತಾನೇ ಬದಲಿಸಿದ್ದು. ಅದರಲ್ಲಿ ತೊಂದರೆ ಇರಲು ಸಾಧ್ಯವಾ?

ಧಾರಾಳವಾಗಿ. ಟ್ಯಾಂಕ್ ಕೊಳಕಾಗಿದ್ದರೆ ಹೊಸ ಫಿಲ್ಟರ್ ಒಂದೇ ಟ್ರಿಪ್ಪಿಗೆ ಕಟ್ಟಿಕೊಳ್ಳಬಹುದು. ಹಳೇ ಗ್ಯಾಸ್ಕೆಟ್ ಮೇಲೆ ಅಂಟಿಕೊಂಡಿರುವಾಗಲೇ ಹೊಸದು ಹಾಕಿದರೆ ಎರಡು ಸೇರಿ ಸೋರುತ್ತವೆ. ಎರಡು ಬಟ್ಟಲಿನ ಫಿಲ್ಟರಿನಲ್ಲಿ ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟವರೂ ಇದ್ದಾರೆ.

ಇವೆರಡಕ್ಕಿಂತ ಮುಂಚೆ ಫೀಡ್ ಪಂಪಿನಲ್ಲೇ ಒಂದು ಸಣ್ಣ ಜಾಲರಿ ಇದೆ. ಬಟ್ಟಲು ಬಿಚ್ಚಿದರೆ ಕಾಣುತ್ತದೆ. ಅದನ್ನು ತೊಳೆಯುವವರು ಕಡಿಮೆ. ಹೊಸ ಫಿಲ್ಟರಿಗೆ ದುಡ್ಡು ಕೊಟ್ಟು, ಪುಕ್ಕಟೆ ಜಾಲರಿಯನ್ನು ಬಿಟ್ಟುಬಿಡುತ್ತಾರೆ.

ಫೀಡ್ ಪಂಪ್ ಸರಿಯಿದೆಯೇ ಅಂತ ನೋಡುವುದು ಹೇಗೆ?

ಹೊರಹೋಗುವ ಲೈನ್ ಬಿಚ್ಚಿ ಬಾಟಲಿಗೆ ಹಿಡಿದು ಸೆಲ್ಫ್ ಹೊಡೆದರೆ ಡೀಸೆಲ್ ಜೋರಾಗಿ ಪುಟಿಪುಟಿದು ಬರಬೇಕು. ಸುಮ್ನೆ ಸುರಿದರೆ ಸಾಲದು. ಆದರೆ ಇದು ಒರಟು ಪರೀಕ್ಷೆ. ಖರೆ ಉತ್ತರ ಬೇಕಾದರೆ ಫಿಲ್ಟರ್ ದಾಟಿದ ಮೇಲೆ, ದೊಡ್ಡ ಪಂಪಿಗೆ ಹೋಗುವ ಮುಂಚೆ ಒಂದು ಪ್ರೆಷರ್ ಗೇಜ್ ಹಾಕಿ. ಪೂರ್ತಿ ಆರ್‌ಪಿಎಂನಲ್ಲೂ, ಲೋಡಿನಲ್ಲೂ ಮುಳ್ಳು 1 ಬಾರ್ ಆಸುಪಾಸಿನಲ್ಲಿ ನಿಲ್ಲಬೇಕು. ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಏರಿಸಿದಾಗ ಬಿದ್ದುಹೋದರೆ ಎಲ್ಲೋ ಕಟ್ಟಿಕೊಂಡಿದೆ, ಅಥವಾ ಫೀಡ್ ಪಂಪ್ ಸೋತಿದೆ, ಅಥವಾ ಮುಂದಿನ ಪ್ರಶ್ನೆಯ ವಿಷಯ.

ಗೇಜನ್ನು ಫಿಲ್ಟರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹಾಕಿ ನೋಡಿ. ಮುಂಚೆ ಜಾಸ್ತಿ, ಆಮೇಲೆ ಕಡಿಮೆ ಅಂದರೆ ಫಿಲ್ಟರೇ ಕಟ್ಟಿದೆ.

ಓವರ್‌ಫ್ಲೋ ವಾಲ್ವ್ ಅಷ್ಟೊಂದು ಮುಖ್ಯವಾ?

ಹೌದು. ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ ಅನ್ನುವುದಕ್ಕೇ ಇನ್ನೂ ಮುಖ್ಯ.

ನೋಡಲು ಬಾಂಜೊ ಬೋಲ್ಟಿನ, ಅಂದರೆ ಡೀಸೆಲ್ ಹರಿಯಲು ಒಳಗೆ ತೂತಿರುವ ಬೋಲ್ಟಿನ ಹಾಗೇ ಇರುತ್ತದೆ. ಒಳಗೆ ಒಂದು ಗುಂಡು, ಒಂದು ಸ್ಪ್ರಿಂಗ್. ಗ್ಯಾಲರಿಯಲ್ಲಿ ಪ್ರೆಷರ್ ಕಟ್ಟುವವರೆಗೆ ರಿಟರ್ನ್ ಲೈನನ್ನು ಮುಚ್ಚಿ ಹಿಡಿಯುವುದು ಅದರ ಕೆಲಸ. ಸ್ಪ್ರಿಂಗ್ ಸೊರಗಿದರೆ, ಗುಂಡಿನ ಕೆಳಗೆ ಮರಳಿನ ಕಣ ಸಿಕ್ಕಿದರೆ, ಫೀಡ್ ಪಂಪ್ ತಳ್ಳಿದ ಡೀಸೆಲ್ ಪ್ಲಂಜರಿಗೆ ತುಂಬುವ ಬದಲು ಸೀದಾ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಗೊತ್ತಾಗುತ್ತದೆ.

ಇನ್ನೂ ಕೆಟ್ಟದ್ದು ಇದೆ. ದಾರಿ ಮಧ್ಯೆ ಅದು ಸೋರಿದಾಗ ಯಾರೋ ಅದನ್ನು ತೆಗೆದು, ಅದೇ ಅಳತೆಯ ಮಾಮೂಲಿ ಬಾಂಜೊ ಬೋಲ್ಟ್ ಹಾಕಿ ಕಳಿಸಿರುತ್ತಾರೆ. ಥ್ರೆಡ್ ಸರಿಹೋಗುತ್ತದೆ, ಸೋರಿಕೆ ನಿಲ್ಲುತ್ತದೆ, ಗಾಡಿ ಓಡುತ್ತದೆ. ಅವತ್ತಿನಿಂದ ಎಳೆತ ಹೋಯಿತು. ಆಮೇಲೆ ಗಾಡಿ ಕೈ ಬದಲಾಯಿಸುತ್ತದೆ, ಹೊಸ ಮಾಲೀಕರು ಪಂಪ್ ಕ್ಯಾಲಿಬ್ರೇಷನ್ ಮಾಡಿಸುತ್ತಾರೆ, ನಾಜಲ್ ಹಾಕಿಸುತ್ತಾರೆ. ಬೆಂಚಿನ ಮೇಲೆ ಪಂಪ್ ಸರಿಯಾಗೇ ಇರುತ್ತದೆ, ಯಾಕಂದರೆ ಬೆಂಚಿಗೆ ತನ್ನದೇ ಪ್ರೆಷರ್ ಇದೆ. ಗಾಡಿಗೆ ಕೂರಿಸಿದರೆ ಮತ್ತೆ ಅದೇ ಗೋಳು.

ಬಿಚ್ಚಿ ಕೈಯಲ್ಲಿ ಹಿಡಿದು ಬಾಯಲ್ಲಿ ಊದಿ ನೋಡಿ. ಗಾಳಿ ಸಲೀಸಾಗಿ ಹೋದರೆ ಒಳಗೆ ಸ್ಪ್ರಿಂಗ್ ಇಲ್ಲ, ಇಲ್ಲವೇ ಗುಂಡು ಕೂರುತ್ತಿಲ್ಲ. ಬೆಳಕಿಗೆ ಹಿಡಿದಾಗ ಆಚೆ ಕಂಡರೆ ಅದು ವಾಲ್ವೇ ಅಲ್ಲ. ಗೇಜ್ ಹಾಕಿರುವಾಗ ರಿಟರ್ನ್ ರಬ್ಬರ್ ಪೈಪನ್ನು ಒಂದು ಕ್ಷಣ ಅದುಮಿ ಹಿಡಿದು ನೋಡುವುದೂ ಒಂದು ಪರೀಕ್ಷೆ. ಮುಳ್ಳು ಟಕ್ಕನೆ ಮೇಲೆದ್ದರೆ ಫೀಡ್ ಪಂಪ್ ಚೆನ್ನಾಗಿದೆ, ವಾಲ್ವ್ ಹೋಗಿದೆ. ಅದುಮಿದ್ದನ್ನು ಹಾಗೇ ಕಟ್ಟಿ ಓಡಿಸಬೇಡಿ. ಗಾಳಿ, ಬಿಸಿ ಎರಡೂ ಹೊರಗೆ ಹೋಗುವುದು ಅದೇ ದಾರಿಯಲ್ಲಿ.

ಪವರ್ ಕಡಿಮೆ, ಜೊತೆಗೆ ಇಂಜಿನ್ ಆಯಿಲ್ ಮಟ್ಟ ಏರುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಇರಬಹುದು. ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಬಂದು ಆಯಿಲ್ ನೀರಾಗಿದ್ದರೆ ಫೀಡ್ ಪಂಪಿನ ಕಡ್ಡಿ ಸವೆದು ಡೀಸೆಲ್ ಒಳಗೆ ಇಳಿಯುತ್ತಿದೆ, ಅಥವಾ ಪ್ಲಂಜರ್ ಸವೆದಿದೆ. ಇದನ್ನು ಮುಂದೂಡಬೇಡಿ. ತೆಳ್ಳಗಾದ ಆಯಿಲಿನಲ್ಲಿ ಘಾಟಿ ಹತ್ತಿಸಿದರೆ ಬೇರಿಂಗ್ ಹೋಗುತ್ತದೆ. ಗಾಡಿ ನಿಲ್ಲಿಸಿ, ಸರಿಮಾಡಿಸಿ, ಆಯಿಲ್ ಬದಲಿಸಿ.

ಟರ್ಬೊ ಗಾಡಿ. ಹೊಗೆ ಇಲ್ಲ, ಪವರ್ ಇಲ್ಲ, ಡೀಸೆಲ್ ಲೈನ್ ಎಲ್ಲ ಸರಿಯಿದೆ.

ಕೆಲವು ಟರ್ಬೊ ಗಾಡಿಗಳ ಪಂಪಿನಲ್ಲಿ ಗವರ್ನರ್ (ಇಂಜಿನ್ ವೇಗ ಹತೋಟಿಯಲ್ಲಿಡುವ ಭಾಗ) ಮೇಲೆ ಒಂದು ಡಬ್ಬಿ ಇರುತ್ತದೆ. ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪ್ ಬರುತ್ತದೆ. ಟರ್ಬೊ ಗಾಳಿ ತುಂಬಿದಾಗ ಆ ಪ್ರೆಷರ್ ಡಯಾಫ್ರಂ ಒತ್ತಿ, ಇನ್ನಷ್ಟು ಡೀಸೆಲ್ ಬಿಡಲು ರ‍್ಯಾಕಿಗೆ ಅವಕಾಶ ಕೊಡುತ್ತದೆ. ಪೈಪ್ ಸೀಳಿದರೆ ಅಥವಾ ಡಯಾಫ್ರಂ ಹರಿದರೆ ಗಾಡಿ ಟರ್ಬೊ ಇಲ್ಲದ ಗಾಡಿಯಷ್ಟೇ ಎಳೆಯುತ್ತದೆ. ಆ ಪೈಪ್ ಕಿತ್ತು ಬಗ್ಗಿಸಿ ನೋಡಿ, ಸೀಳು ಇದ್ದರೆ ಬಾಯಿ ಬಿಡುತ್ತದೆ. ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ದೊಡ್ಡ ಹೋಸಿನ ಕ್ಲಿಪ್ಪುಗಳನ್ನೂ ಬಿಗಿಮಾಡಿ.

ಇಂಜಿನ್ ಮಿಸ್ಸಿಂಗ್ ಇದೆ. ಯಾವ ನಾಜಲ್ ಹೋಗಿದೆ ಅಂತ ಕಂಡುಹಿಡಿಯುವುದು ಹೇಗೆ?

ಐಡ್ಲಿಂಗ್‌ನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ನೋಡುವುದು ಹಳೇ ಪದ್ಧತಿ. ಸಡಿಲಿಸಿದಾಗ ಸದ್ದು ಬದಲಾಗಿ ಇಂಜಿನ್ ಇನ್ನೂ ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ವ್ಯತ್ಯಾಸ ಇಲ್ಲ ಅಂದರೆ ಅದೇ ಸೋಮಾರಿ. ನಾಜಲ್ಲೋ, ಪಂಪಿನ ಆ ಎಲಿಮೆಂಟೋ (ಪ್ಲಂಜರ್ ಮತ್ತು ಅದರ ಗೂಡು), ಕಂಪ್ರೆಷನ್ನೋ ಅಂತ ತಿಳಿಯಲು ಪಕ್ಕದ ಒಳ್ಳೆಯ ನಾಜಲ್ ಜೊತೆ ಅದಲು ಬದಲು ಮಾಡಿ. ತೊಂದರೆ ನಾಜಲ್ ಜೊತೆ ಹೋದರೆ ನಾಜಲ್, ಅಲ್ಲೇ ಉಳಿದರೆ ಪಂಪ್ ಅಥವಾ ಇಂಜಿನ್.

ನಾಜಲ್ ತೆಗೆದಾಗ ಅದರ ತಾಮ್ರದ ವಾಶರ್ ಸಿಲಿಂಡರ್ ಹೆಡ್ಡಿನೊಳಗೇ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಹೊಸದು ಹಾಕಿದರೆ ಎರಡಾಗಿ ನಾಜಲ್ ಮೇಲೆದ್ದು ಕೂರುತ್ತದೆ. ಟಾರ್ಚ್ ಬಿಟ್ಟು ನೋಡಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಾಜಲ್ ಬಾಯಿಗೆ ಅಥವಾ ಸೋರುವ ಹೈ ಪ್ರೆಷರ್ ಪೈಪಿಗೆ ಕೈ ಅಡ್ಡ ಹಿಡಿಯಲೇಬೇಡಿ. ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೊದಲು ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಯಲ್ಲಿ ಬೆರಳು ಊದಿಕೊಳ್ಳುತ್ತದೆ, ತಡ ಮಾಡಿದರೆ ಬೆರಳೇ ಹೋಗಬಹುದು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಪ್ರೆಷರಿನಲ್ಲಿ ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಬಿಸಿಯಾದ ಮೇಲೆ ನಿಲ್ಲಿಸಿದರೆ ಸ್ಟಾರ್ಟ್ ಆಗಲ್ಲ, ಎಳೆತವೂ ಕಡಿಮೆ.

ಇದು ಪ್ಲಂಜರ್ ಸವೆದ ಲಕ್ಷಣ. ಬಿಸಿ ಡೀಸೆಲ್ ತೆಳ್ಳಗಾಗುತ್ತದೆ. ಸವೆದ ಪ್ಲಂಜರ್ ಸಂದಿಯಲ್ಲಿ ಜಾರಿ ಹಿಂದಕ್ಕೆ ಬರುತ್ತದೆ, ನಾಜಲ್ ತೆರೆಯುವಷ್ಟು ಪ್ರೆಷರ್ ಕಟ್ಟುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಿದಾಗ ಸ್ಟಾರ್ಟ್ ಆದರೆ ಹೆಚ್ಚು ಕಡಿಮೆ ಖಾತ್ರಿ. ಈಗ ಪಂಪ್ ಬಿಚ್ಚಿಸಬಹುದು.

ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿಸಿದರೆ ಆಗಲ್ವಾ?

ಆಗುತ್ತದೆ, ಒಂದೆರಡು ವಾರ. ಗ್ಯಾಲರಿಗೇ ಡೀಸೆಲ್ ಸರಿಯಾಗಿ ಬರದಿರುವಾಗ ಸ್ಕ್ರೂ ತಿರುಗಿಸಿ ಏನೂ ಲಾಭವಿಲ್ಲ. ಬರುತ್ತಿದ್ದರೆ, ಇರುವ ಗಾಳಿಗಿಂತ ಹೆಚ್ಚು ಡೀಸೆಲ್ ಹೋಗಿ ಕಪ್ಪು ಹೊಗೆ, ವಿಪರೀತ ಬಿಸಿ, ಕೊನೆಗೆ ಪಿಸ್ಟನ್ ತಲೆ ಕರಗುತ್ತದೆ. ಮೈಲೇಜ್ ಹೋಗುವುದು ಬೇರೆ. ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ, ಬಿಎಸ್-4 (ಭಾರತ್ ಸ್ಟೇಜ್ ಹೊಗೆ ನಿಯಮ) ಗಿಂತ ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು, ಹೊಗೆಯ ದಟ್ಟಣೆ ಅಳೆಯುವ ಮಾನ ಅದು.

ಟೈಮಿಂಗ್ ಸರಿದಿದ್ದರೆ?

ಕಪ್ಲಿಂಗ್ ಬೋಲ್ಟ್ ಸಡಿಲವಾಗಿ ಹಿಂದೆ ಸರಿದರೆ ಬಿಳಿ ಹೊಗೆ, ಬಿಸಿ, ಮಂಕು ಎಳೆತ. ಮುಂದೆ ಹೋದರೆ ಕಟಕಟ ಬಡಿತ. ಗುರುತು ನೋಡಿ ಸರಿಮಾಡಬೇಕಾದ ಕೆಲಸ, ಕಿವಿಯ ಅಂದಾಜಿನಲ್ಲಿ ಅಲ್ಲ.

ಈಗಿನ ಡೀಸೆಲ್‌ನಿಂದ ಹಳೇ ಪಂಪ್ ಹಾಳಾಗುತ್ತದೆ ಅಂತಾರೆ. ನಿಜವಾ?

ಪೂರ್ತಿ ನಿಜವಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ, ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವಾಗ ಡೀಸೆಲಿನ ಜಾರುಗುಣ ಕಡಿಮೆಯಾಗುತ್ತದೆ, ಅದಕ್ಕೆ ಬೇಕಾದ್ದನ್ನು ಕಂಪನಿಗಳು ಬೆರೆಸಿಯೇ ಕಳಿಸುತ್ತವೆ. ಹಳೇ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಸೋರಬಹುದು, ಬದಲಿಸಿದರೆ ಮುಗಿಯಿತು.

ನಿಜವಾಗಿ ಪಂಪ್ ಕೊಲ್ಲುವುದು ಸೀಮೆಎಣ್ಣೆ ಬೆರೆಸಿದ ಅಗ್ಗದ ಡೀಸೆಲ್ ಮತ್ತು ನೀರು. ಸೀಮೆಎಣ್ಣೆ ತೆಳು, ಪ್ಲಂಜರಿಗೆ ಜಾರುವಿಕೆ ಕೊಡುವುದಿಲ್ಲ. ಲೀಟರಿಗೆ ಉಳಿಸಿದ ಪುಡಿಗಾಸು ಎಲಿಮೆಂಟ್ ಸೆಟ್ಟಿಗೆ ಹೋಗುತ್ತದೆ.

ಪಂಪನ್ನು ಅಂಗಡಿಗೆ ಕೊಡುವಾಗ ಏನು ಕೇಳಬೇಕು?

ಮೊದಲು ಪಂಪಿನ ಮೇಲಿನ ಪ್ಲೇಟ್ ಒರೆಸಿ ಫೋಟೋ ತೆಗೆದಿಟ್ಟುಕೊಳ್ಳಿ. ಪಿಇಎಸ್ 6ಎ 90 ಅಂತಿದ್ದರೆ 6 ಸಿಲಿಂಡರ್, ಎ ಸೈಜ್, ಪ್ಲಂಜರ್ 9 ಮಿ.ಮೀ. ಅಂತ ಅರ್ಥ. ಆ ನಂಬರಿಗೆ ಹೊಂದುವ ಸಾಮಾನೇ ಬೇಕು.

ಬಿಚ್ಚುವ ಮುಂಚೆ ಒಮ್ಮೆ ಬೆಂಚಿಗೆ ಹಾಕಿ, ಆರೂ ಗಾಜಿನ ಕೊಳವೆಯಲ್ಲಿ ಎಷ್ಟೆಷ್ಟು ಬೀಳುತ್ತಿದೆ ಅಂತ ತೋರಿಸಲು ಹೇಳಿ. ಎಲ್ಲವೂ ಸಮವಾಗಿ, ಅಳತೆಗೆ ಸರಿಯಾಗಿ ಇದ್ದರೆ ಪಂಪಿನಲ್ಲಿ ತೊಂದರೆ ಇಲ್ಲ, ಗಾಡಿ ಹತ್ತಿರ ವಾಪಸ್ ಹೋಗಿ. ಕೆಲಸ ಮುಗಿದ ಮೇಲೆ ಹಳೇ ಸಾಮಾನು ವಾಪಸ್ ಕೇಳಿ, ಹೊಸ ಸೀಲ್ ಬಿದ್ದಿದೆಯಾ ನೋಡಿ. ಒಳ್ಳೆ ಅಂಗಡಿಯವರು ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ಗಾಡಿಯಲ್ಲಿ ಯಾವಾಗಲೂ ಏನು ಇಟ್ಟುಕೊಳ್ಳಬೇಕು?

ಒಂದು ಸೆಟ್ ಡೀಸೆಲ್ ಫಿಲ್ಟರ್, ಗ್ಯಾಸ್ಕೆಟ್ ಸಮೇತ. ನಾಲ್ಕೈದು ಅಳತೆಯ ತಾಮ್ರದ ವಾಶರ್. ಎರಡು ಮೀಟರ್ ಡೀಸೆಲ್ ಹೋಸ್, ನಾಲ್ಕು ಕ್ಲಿಪ್. ಶುಭ್ರವಾದ ಐದು ಲೀಟರ್ ಕ್ಯಾನ್. ಒಂದು ಓವರ್‌ಫ್ಲೋ ವಾಲ್ವ್, ಊದಿ ನೋಡಿ ತಗೊಂಡದ್ದು. ಘಾಟಿಯಲ್ಲಿ ನಿಂತರೆ ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ತ್ರಿಕೋನ ಇಟ್ಟು, ಆಮೇಲೆ ಸ್ಪ್ಯಾನರ್ ತೆಗೆಯಿರಿ.